ಊಟದ ಬಿಡುವು ಬಿಟ್ಟುಕೊಟ್ಟು ಅರ್ಧ ಗಂಟೆ ಮೊದಲೇ ಮನೆಗೆ: ಸಹಿ ಹಾಕ್ಲಾ, ಬೇಡ್ವಾ?

ಎರಡನೇ ಮಹಡಿ (ಚರ್ಚೆ ಶುರು ಮಾಡಿದವರು)

ನಮ್ಮದು ಹನ್ನೆರಡು ಜನರ ಆಫೀಸು. 9.30ಕ್ಕೆ ಪಂಚ್ ಮಾಡಿದರೆ 6ಕ್ಕೆ ಬಿಡುಗಡೆ, ನಡುವೆ ಅರ್ಧ ಗಂಟೆ ಊಟಕ್ಕೆ. ಹೋದ ವಾರ ಒಂದು ಫಾರಂ ಹಂಚಿದ್ರು. ‘ಎ’ ಅಂದ್ರೆ ಈಗಿರೋ ಹಾಗೇ. ‘ಬಿ’ ಅಂದ್ರೆ ಊಟದ ಬಿಡುವು ಇಲ್ಲ, ಸೀಟಲ್ಲೇ ಕೂತು ಕೆಲಸ ಮಾಡ್ತಾ ತಿಂದು ಮುಗಿಸಿ 5.30ಕ್ಕೆ ಹೊರಡೋದು. ಹತ್ತು ಜನ ಆಗಲೇ ಬಿ ಮುಂದೆ ಟಿಕ್ ಹಾಕಿ ಸಹಿ ಮಾಡಿದ್ದಾರೆ. ಉಳಿದಿರೋದು ನಾನು, ಇನ್ನೊಬ್ಬರು ಸೀನಿಯರ್. ಎಚ್ಚಾರ್ ಹೇಳೋದು, ‘ಲಂಚ್ ಬ್ರೇಕ್ ಕಂಪನಿ ಕೊಡೋ ಸೌಲಭ್ಯ, ಬೇಡ ಅಂದ್ರೆ ಬಿಡಬಹುದು’ ಅಂತ. ನಿಜವಾಗ್ಲೂ ಇದು ಸೌಲಭ್ಯಾನಾ, ಹಕ್ಕಾ? ಹಕ್ಕಾದ್ರೆ ನಾನಾಗೇ ಬಿಟ್ಟುಕೊಡಬಹುದಾ?

ಲೆಕ್ಕ ಪಕ್ಕಾ

ಕಣ್ಣುಮುಚ್ಚಿ ಬಿ ಹಾಕಿ. ಮಧ್ಯಾಹ್ನದ ಅರ್ಧ ಗಂಟೇಲಿ ನಾನು ಮಾಡೋದೇನು? ಹತ್ತು ನಿಮಿಷ ತಿಂತೀನಿ, ಇಪ್ಪತ್ತು ನಿಮಿಷ ಮೊಬೈಲ್ ಉಜ್ಜುತೀನಿ. ಅದೇ ಅರ್ಧ ಗಂಟೆ ಸಂಜೆ ಸಿಕ್ಕಿದ್ರೆ ಮಗೂನ ನಾನೇ ಹೋಗಿ ಕರ್ಕೊಂಡು ಬರಬಹುದು. ನನ್ನ ಟೈಮು, ನನ್ನ ಹೊಟ್ಟೆ. ಯಾವಾಗ ಹಸಿವಾಗಬೇಕು ಅಂತ ಕಾನೂನು ಹೇಳಬೇಕಾ? ಮಧ್ಯಾಹ್ನ ಊಟಾನೇ ಮಾಡದವರು ಎಷ್ಟೋ ಜನ ಇದ್ದಾರೆ. ಅವರನ್ನೂ ಹಿಡಿದು ಅರ್ಧ ಗಂಟೆ ಸುಮ್ನೆ ಕೂರಿಸೋದು ಯಾವ ನ್ಯಾಯ?

ಹಳೇ ಫೈಲು

‘ಸೌಲಭ್ಯ’ ಅನ್ನೋ ಮಾತಿಗೆ ಮೊದಲು ಉತ್ತರ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

1833ರಲ್ಲಿ ಬ್ರಿಟನ್ನಿನ ಬಟ್ಟೆ ಗಿರಣಿಗಳಿಗೆ ಬಂದ ಕಾಯ್ದೆ, 18 ವರ್ಷದೊಳಗಿನ ಕೆಲಸಗಾರರಿಗೆ ದಿನಕ್ಕೆ ಒಂದೂವರೆ ಗಂಟೆ ಊಟಕ್ಕೆ ಬಿಡಲೇಬೇಕು ಅಂತು. ಆದ್ರೆ ಒಬ್ಬೊಬ್ಬರನ್ನ ಒಂದೊಂದು ಹೊತ್ತಿಗೆ ಬಿಟ್ಟರೆ ಯಾರು ಉಂಡರು, ಯಾರು ಉಣ್ಣಲಿಲ್ಲ ಅಂತ ಇನ್‌ಸ್ಪೆಕ್ಟರಿಗೆ ಗೊತ್ತಾಗೋದು ಹೇಗೆ? 1844ರ ಕಾಯ್ದೆ ಆ ಸಂದು ಮುಚ್ಚೋಕೆ ನೋಡ್ತು: ಕಾಯ್ದೆಯ ರಕ್ಷಣೆ ಇರೋರಿಗೆಲ್ಲ ಒಂದೇ ಹೊತ್ತಿಗೆ ಊಟ, ಆ ಹೊತ್ತಲ್ಲಿ ಕೆಲಸ ನಡೆಯೋ ಕೋಣೆಯಲ್ಲಿ ಅವರು ಇರಕೂಡದು. ಆಮೇಲೂ ಕಳ್ಳಾಟ ನಿಲ್ಲಲಿಲ್ಲ. ಊಟದ ಮೊದಲು ಐದು ನಿಮಿಷ, ಆದ ಮೇಲೆ ಐದು ನಿಮಿಷ ಯಂತ್ರ ಓಡಿಸೋದು. ಹೀಗೆ ನಿಮಿಷ ನಿಮಿಷವಾಗಿ ಕದಿಯೋದರ ಬಗ್ಗೆ 1850ರ ದಶಕದ ಇನ್‌ಸ್ಪೆಕ್ಟರುಗಳು ವರದಿ ಮೇಲೆ ವರದಿ ಬರೆದಿದ್ದಾರೆ. ಯಾರೋ ಪ್ರೀತಿಯಿಂದ ಕೊಟ್ಟ ಸೌಲಭ್ಯ ಆಗಿದ್ರೆ ಇಷ್ಟು ಕಾವಲು ಬೇಕಿತ್ತಾ?

ಈಗಿನದು ನೋಡಿ. ಬ್ರಿಟನ್ನಿನ 1998ರ ನಿಯಮ: ಆರು ಗಂಟೆಗಿಂತ ಹೆಚ್ಚು ಕೆಲಸ ಇದ್ದರೆ ಕನಿಷ್ಠ 20 ನಿಮಿಷ, ಅದೂ ತನ್ನ ಸೀಟು ಬಿಟ್ಟು ಎದ್ದು ಹೋಗೋ ಹಕ್ಕಿನ ಸಮೇತ. ಜರ್ಮನಿಯಲ್ಲಿ ಆರು ಗಂಟೆ ದಾಟಿದರೆ 30 ನಿಮಿಷ, ಒಂಬತ್ತು ದಾಟಿದರೆ 45. ಜಪಾನಿನ 1947ರ ಕಾಯ್ದೆ ಆರು ಗಂಟೆ ದಾಟಿದರೆ 45 ನಿಮಿಷ, ಎಂಟು ದಾಟಿದರೆ ಒಂದು ಗಂಟೆ ಕೊಡುತ್ತೆ. ಕೆಲಸದ *ನಡುವೆಯೇ* ಕೊಡಬೇಕು ಅಂತಾನೂ ಬರೆದಿದೆ. ಅಂದ್ರೆ ನಿಮ್ಮ ಆಯ್ಕೆ ಬಿ ಅಲ್ಲಿ ಹುಟ್ಟೋ ಹಾಗೇ ಇಲ್ಲ. 2025ರವರೆಗೆ ಜಾರಿಯಲ್ಲಿದ್ದ ಭಾರತದ 1948ರ ಕಾರ್ಖಾನೆ ಕಾಯ್ದೆಯ 55ನೇ ಸೆಕ್ಷನ್ನೂ ಇದೇ ಜಾತಿಯದ್ದಾಗಿತ್ತು: ಐದು ಗಂಟೆಗಿಂತ ಹೆಚ್ಚು ಒಂದೇ ಸಮ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ವಿರಾಮ.

ಲೆಕ್ಕ ಪಕ್ಕಾ

ಹಳೇ ಫೈಲು ಸಾರ್, ನಿಮಗೆ ಬೇಕಾದ ಹಾಳೆ ಮಾತ್ರ ತೆಗೆದು ತೋರಿಸ್ತಿದ್ದೀರ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ವಯಸ್ಕರಿಗೆ ಊಟದ ಬಿಡುವು ಕೊಡಲೇಬೇಕು ಅಂತ ಎಲ್ಲೂ ಇಲ್ಲ. ಅಲ್ಲಿಯವರೆಲ್ಲ ಉಪವಾಸ ಸತ್ತರಾ? ಕ್ಯಾಲಿಫೋರ್ನಿಯಾದಲ್ಲಿ ಕಡ್ಡಾಯ ಇದೆ, ಸರಿ. ಆದ್ರೆ ಅಲ್ಲೂ ಇಬ್ಬರೂ ಒಪ್ಪಿದರೆ ಬಿಡಬಹುದು.

ಹಳೇ ಫೈಲು

ಬಿಡಬಹುದು, ಆದರೆ ಶಿಫ್ಟು ಆರು ಗಂಟೆ ಮೀರದಿದ್ದರೆ ಮಾತ್ರ. ಇವರದ್ದು ಎಂಟು ಗಂಟೆ. ಕೊಡದೇ ಹೋದ್ರೆ ಆ ದಿನಕ್ಕೆ ಒಂದು ಗಂಟೆ ಸಂಬಳ ಹೆಚ್ಚಿಗೆ ಕಕ್ಕಬೇಕು. ಹಾಂ, ನಿಮ್ಮ ಪರವಾಗಿ ಒಂದು ಮಾತು ನಾನೇ ಹೇಳ್ತೀನಿ. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಬಿಡುವು ಕೊಟ್ಟು ಕೆಲಸದಿಂದ ಬಿಡುಗಡೆ ಮಾಡೋದಷ್ಟೇ ಮಾಲೀಕನ ಹೊಣೆ, ಆ ಹೊತ್ತಲ್ಲಿ ಕೆಲಸಗಾರ ತಾನಾಗೇ ಕೆಲಸ ಮಾಡ್ತಾನಾ ಅಂತ ಕಾವಲು ಕೂರಬೇಕಿಲ್ಲ ಅಂತು.

ಅಮೆರಿಕದ ಕೇಂದ್ರ ನಿಯಮದ ವಿಷಯಕ್ಕೆ ಬಂದ್ರೆ, ಬಿಡುವು ಕಡ್ಡಾಯ ಇಲ್ಲ, ನಿಜ. ಆದರೆ ಸೀಟಲ್ಲೇ ಕೂತು ತಿನ್ನು ಅಂತ ಹೇಳಿದರೆ ಅದು ಊಟವಲ್ಲ, ಕೆಲಸ, ಸಂಬಳ ಕೊಡಲೇಬೇಕು ಅಂತ ಅದೇ ನಿಯಮ ಹೇಳುತ್ತೆ. 20 ನಿಮಿಷದವರೆಗಿನ ಸಣ್ಣ ಬ್ರೇಕ್ ಕೊಟ್ಟರೆ ಅದಕ್ಕೂ ಸಂಬಳ ಹಿಡಿಯೋ ಹಾಗಿಲ್ಲ.

ಕೌಂಟರ್ ಹಿಂದೆ

ಇಲ್ಲಿ ಮಾಲೀಕರ ಕಡೆ ಯಾರೂ ಕಾಣ್ತಿಲ್ಲ, ಅದಕ್ಕೆ ಬಂದೆ. ನನ್ನ ಹತ್ರ ಕೆಲಸಕ್ಕಿರೋರು ಇಬ್ಬರು. ನಾನೂ ಸೇರಿ ಮೂರು. ಗಿರಾಕಿಗಳು ಯಾವಾಗ ಬರ್ತಾರೆ ಗೊತ್ತಾ? ಅವರ ಊಟದ ಬಿಡುವಿನಲ್ಲಿ! ಒಂದರಿಂದ ಎರಡೂವರೆ ತನಕ ನನಗೆ ಅರ್ಧ ದಿನದ ವ್ಯಾಪಾರ. ಆ ಹೊತ್ತಲ್ಲಿ ಒಬ್ಬ ಎದ್ದು ಹೋದರೆ ಕ್ಯೂ ಬಾಗಿಲು ದಾಟುತ್ತೆ. ದೊಡ್ಡ ಕಂಪನಿಗೆ ಮಾಡಿದ ಕಾನೂನನ್ನ ಮೂರು ಜನರ ಅಂಗಡಿಗೂ ಹಾಕಿದರೆ ಹೇಗೆ? ಹುಡುಗರು ಹಸಿದುಕೊಂಡಿರಲಿ ಅಂತ ನಾನೇನೂ ಹೇಳ್ತಿಲ್ಲ. ಜನ ಕಮ್ಮಿ ಆದಾಗ ಒಂದು ಕೈ ತಿನ್ಕೊಳ್ಳಿ ಅಂತ ನಾನೇ ಹೇಳ್ತೀನಿ.

ವಾರ್ಡ್ 4

‘ಜನ ಕಮ್ಮಿ ಆದಾಗ.’ ಈ ಮಾತನ್ನ ನಾನು ಒಂಬತ್ತು ವರ್ಷದಿಂದ ಕೇಳ್ತಿದ್ದೀನಿ ಸಾರ್. ನಾನು ನರ್ಸು. ಪೇಷೆಂಟು ಕಮ್ಮಿ ಆಗೋ ಹೊತ್ತು ಅಂತ ಒಂದು ಇರೋದೇ ಇಲ್ಲ.

ಹೋದ ಗುರುವಾರದ್ದು ಹೇಳ್ತೀನಿ. ಸ್ಟೋರ್ ರೂಮಲ್ಲಿ ಡ್ರಿಪ್ ಸ್ಟ್ಯಾಂಡುಗಳ ನಡುವೆ ನಿಂತ್ಕೊಂಡು ಡಬ್ಬಿ ತೆಗೆದೆ. ಸಂಜೆ ನಾಲ್ಕು ಹತ್ತು. ಕೂರೋಕೆ ಕುರ್ಚಿ ಇದೆ, ಕೂತರೆ ಏಳೋಕೆ ಮನಸ್ಸು ಬರಲ್ಲ ಅಂತ ಕೂರಲ್ಲ. ಎರಡು ತುತ್ತು ಆಗಿತ್ತು, ಬೆಲ್ ಹೊಡೀತು. ಮುಚ್ಚಳ ಹಾಕಿ, ಕೈ ತೊಳೆದು, ಹೋಗಿ, ಡ್ರಿಪ್ ಬದಲಾಯಿಸಿ, ಮತ್ತೆ ಕೈ ತೊಳೆದು ಬಂದೆ. ಮೂರನೇ ತುತ್ತು, ಇನ್ನೊಂದು ಬೆಲ್. ಆ ಡಬ್ಬೀನ ಕೊನೆಗೆ ಮನೇಲಿ ಬಂದು ಖಾಲಿ ಮಾಡಿದ್ದು. ತಿಂಗಳ ಕೊನೆಗೆ ಹಾಜರಿ ನೋಡಿದ್ರೆ ಆ ದಿನದ್ದೂ ‘ಊಟದ ವಿರಾಮ 30 ನಿಮಿಷ’ ಅಂತ ಸಾಫ್ಟ್‌ವೇರು ತಾನಾಗೇ ಕಳೆದುಕೊಂಡಿದೆ. ಕಾಗದದ ಮೇಲೆ ನನಗೆ ಬಿಡುವು ಇದೆ ನೋಡಿ. ದಿನಾ ಇದೆ!

ನನಗೆ ಬೇಕಿರೋದು ಅರ್ಧ ಗಂಟೆ ಅಲ್ಲ. ಆ ಅರ್ಧ ಗಂಟೆ ನನ್ನ ಬೆಲ್ಲಿಗೆ ಓಡೋ ಇನ್ನೊಬ್ಬರು. ಅವರು ಇಲ್ಲದಿದ್ದರೆ ನೀವು ಒಂದು ಗಂಟೆ ಕೊಟ್ಟರೂ ಅಷ್ಟೇ, ಹತ್ತು ನಿಮಿಷ ಕೊಟ್ಟರೂ ಅಷ್ಟೇ.

ಆರು ಗಾಲಿ

ಅಕ್ಕಾರ ಖರೇ ಹೇಳಿದ್ರಿ. ನಾ ಲಾರಿ ಓಡಸಾಂವ. ಯುರೋಪಿನ್ಯಾಗ ನಾಕೂವರಿ ತಾಸು ಗಾಡಿ ಹೊಡದ್ರ 45 ನಿಮಿಷ ನಿಲ್ಲಸಬೇಕ್ರಿ, ಬೇಕಂದ್ರ ಮೊದಲ 15, ಆಮ್ಯಾಲ 30 ಅಂತ ಮುರ್ಕೋಬಹುದು. ಅದಕ್ಕ ಗಾಡ್ಯಾಗ ಒಂದ್ ಮಿಷಿನ್ನ ಇರತೈತಿ, ಟ್ಯಾಕೋಗ್ರಾಫ್ ಅಂತ. ಗಾಲಿ ಯಾವಾಗ ತಿರಗ್ತು, ಯಾವಾಗ ನಿಂತು, ಎಲ್ಲಾ ಬರಕೋತೈತಿ. ಅದರ ಮುಂದ ಮಾಲಕನ ಮಾತೂ ನಡಿಯಂಗಿಲ್ಲ, ನಂದೂ ನಡಿಯಂಗಿಲ್ಲ. ಯಾಕ ಇಷ್ಟ ಬಿಗಿ? ಡ್ರೈವರನ ಹೊಟ್ಟಿ ಮ್ಯಾಲಿನ ಕನಿಕರ ಅಲ್ರಿ. ನಾ ತೂಕಡಿಸಿದ್ರ ಎದುರಿಗಿ ಬರಾಂವ ಸಾಯ್ತಾನಂತ. ನರ್ಸಮ್ಮಾರಿಗೂ ಅಂಥಾದ್ದೊಂದು ಮಿಷಿನ್ ಬೇಕ ನೋಡ್ರಿ.

ಸಂಶಯ ಪಿಶಾಚಿ

ಬಿಡುವಿಲ್ಲದಿದ್ದರೆ ಕೆಲಸ ಕೆಡುತ್ತೆ ಅನ್ನೋದಕ್ಕೆ ಒಳ್ಳೆ ಸಾಕ್ಷಿ ಇದೆ ಅಂದ್ಕೊಂಡಿದ್ದೆ. ಇಸ್ರೇಲಿನ ಪೆರೋಲ್ ಮಂಡಳಿಗಳ ತೀರ್ಪುಗಳ ಮೇಲೆ 2011ರಲ್ಲಿ ಒಂದು ಅಧ್ಯಯನ ಬಂದಿತ್ತು. ನ್ಯಾಯಾಧೀಶರು ತಿಂದು ಬಂದ ತಕ್ಷಣ ಕೈದಿಗಳ ಪರವಾದ ತೀರ್ಪು ಸುಮಾರು 65% ಇರ್ತಿತ್ತಂತೆ, ಮುಂದಿನ ಬಿಡುವು ಹತ್ತಿರ ಬರ್ತಾ ಬರ್ತಾ ಸೊನ್ನೆಯ ಹತ್ತಿರಕ್ಕೆ ಇಳೀತಿತ್ತಂತೆ. ಇದಕ್ಕಿಂತ ಇನ್ನೇನು ಬೇಕು ಅಂತ ನಾನೂ ಎಲ್ಲರಿಗೂ ಹೇಳ್ಕೊಂಡು ತಿರುಗ್ತಿದ್ದೆ.

ಆಮೇಲೆ ಅದೇ ವರ್ಷ ಬಂದ ಆಕ್ಷೇಪ ಓದಿದೆ. ಕೇಸುಗಳನ್ನ ಚೀಟಿ ಎತ್ತಿ ಕರೀತಿರಲಿಲ್ಲ, ವಕೀಲರಿಲ್ಲದ ಕೈದಿಗಳ ಸರದಿ ಸಾಮಾನ್ಯವಾಗಿ ಬಿಡುವಿಗೆ ಮುಂಚಿನ ಕೊನೇ ಹೊತ್ತಿಗೆ ಬರ್ತಿತ್ತು. ವಕೀಲರಿಲ್ಲ ಅಂದ್ರೆ ತೀರ್ಪು ವಿರುದ್ಧ ಹೋಗೋ ಸಾಧ್ಯತೆ ಹೇಗೂ ಹೆಚ್ಚು. ಅಲ್ಲಿಗೆ ಹಸಿವಿನ ಕಥೆ ಅರ್ಧ ಬಿತ್ತು. ಆದ್ದರಿಂದ ‘ಬಿಡುವು ಕೊಟ್ಟರೆ ಕೆಲಸ ಚೆನ್ನಾಗಾಗುತ್ತೆ, ಕಂಪನಿಗೇ ಲಾಭ’ ಅನ್ನೋ ವಾದದ ಮೇಲೆ ಹಕ್ಕನ್ನ ನಿಲ್ಲಿಸಬೇಡಿ. ನಾಳೆ ಯಾರೋ ‘ಬಿಡುವಿಲ್ಲದಿದ್ದರೂ ಕೆಲಸ ಅಷ್ಟೇ ಆಗುತ್ತೆ’ ಅಂತ ಲೆಕ್ಕ ತಂದರೆ ಏನು ಮಾಡ್ತೀರಿ?

ಸೂಜಿ ದಾರ

ನಂದು ಪೀಸ್ ರೇಟು, ಎಷ್ಟು ಪೀಸು ಹೊಲಿದ್ರೆ ಅಷ್ಟೇ ದುಡ್ಡು. ನನ್ನ ಬಿಡುವನ್ನ ಯಾರೂ ಕಸ್ಕೊಂಡಿಲ್ಲ, ಎಷ್ಟು ಹೊತ್ತು ಬೇಕಾದ್ರೂ ಉಣ್ಣಬಹುದು. ಉಂಡಷ್ಟು ಹೊತ್ತು ಪೀಸು ಕಮ್ಮಿ ಆಗುತ್ತೆ. ಲೆಕ್ಕ ಪಕ್ಕಾ ಹೇಳ್ತಿರೋ ‘ನನ್ನ ಟೈಮು ನನ್ನದು’ ನನಗೆ ಪೂರ್ತಿ ಸಿಕ್ಕಿದೆ. ಏಳು ನಿಮಿಷದಲ್ಲಿ ಊಟ ಮುಗಿಸೋದು ಕಲಿತಿದ್ದೀನಿ.

ಲೆಕ್ಕ ಪಕ್ಕಾ

ಅಕ್ಕ, ನಿಮ್ಮ ವಿಷಯ ಬೇರೆ. ನಾನು ತಿಂಗಳ ಸಂಬಳದವರ ಬಗ್ಗೆ ಮಾತಾಡಿದ್ದು. ಎಲ್ಲರನ್ನೂ ಒಂದೇ ತಕ್ಕಡೀಲಿ ಹಾಕಬೇಡಿ ಅನ್ನೋದೇ ನನ್ನ ಮಾತು.

ಎರಡನೇ ಮಹಡಿಯವರೇ, ಒಂದು ಹೇಳಿ. 5.30ಕ್ಕೆ ಹೊರಡೋದು ಗ್ಯಾರಂಟಿನಾ? ಫಾರಂನಲ್ಲಿ ಬರೆದಿದ್ದಾರಾ?

ಎರಡನೇ ಮಹಡಿ

ಈಗ ತೆಗೆದು ನೋಡಿದೆ. ‘ಕೆಲಸದ ಒತ್ತಡಕ್ಕೆ ಒಳಪಟ್ಟು ಸಂಜೆ 5.30ಕ್ಕೆ’ ಅಂತ ಇದೆ. ಊಟದ ಬಿಡುವು ರದ್ದು ಅನ್ನೋ ಸಾಲಿಗೆ ಮಾತ್ರ ಯಾವ ‘ಒಳಪಟ್ಟು’ನೂ ಇಲ್ಲ.

ಲೆಕ್ಕ ಪಕ್ಕಾ

ಹಂಗಾದ್ರೆ ಸಹಿ ಹಾಕಬೇಡಿ. ವ್ಯಾಪಾರ ಅಂದ್ರೆ ಎರಡೂ ಕಡೆ ಪಕ್ಕಾ ಇರಬೇಕು. ಅವರು ತಗೊಳ್ಳೋದು ನಗದು, ಕೊಡೋದು ಉದ್ದರಿ.

ಹಳೇ ಫೈಲು

ಕೊನೆಗೂ ಒಂದು ಕಡೆ ಬಂದ್ರಿ! ಅದಕ್ಕೇ ಹಲವು ಕಡೆ ಕಾನೂನು ಇದನ್ನ ಮಾರೋಕೆ ಬಿಡೋದಿಲ್ಲ. ಹನ್ನೆರಡರಲ್ಲಿ ಹತ್ತು ಜನ ಸಹಿ ಹಾಕಿದ ಮೇಲೆ ಹನ್ನೊಂದನೆಯವರ ಒಪ್ಪಿಗೆ ಎಷ್ಟು ಸ್ವಂತದ್ದು ಹೇಳಿ.

ಕೌಂಟರ್ ಹಿಂದೆ

ವಾರ್ಡ್ 4 ಮೇಡಂ ಬರೆದಿದ್ದು ಓದಿ ನಮ್ಮ ಹುಡುಗನ್ನ ಕೇಳಿದೆ, ನಿನ್ನೆ ಎಷ್ಟೊತ್ತಿಗೆ ಉಂಡೆ ಅಂತ. ‘ಮೂರೂವರೆ ಇರಬೇಕಣ್ಣ, ನೆನಪಿಲ್ಲ’ ಅಂದ. ನಾನು ಎರಡಕ್ಕೇ ಮುಗಿಸಿದ್ದೆ, ಅದು ಚೆನ್ನಾಗಿ ನೆನಪಿದೆ. ನಾಳೆಯಿಂದ ಹನ್ನೆರಡೂವರೆಗೆ ಒಬ್ಬ, ಎರಡೂವರೆಗೆ ಇನ್ನೊಬ್ಬ, ಆ ಹೊತ್ತಲ್ಲಿ ಬಿಲ್ಲಿಂಗಿಗೆ ನಾನೇ ನಿಲ್ತೀನಿ. ಒಂದು ವಾರ ನೋಡೋಣ. ಆದ್ರೆ ಆ ಅರ್ಧ ಗಂಟೆಗೆ ಸಂಬಳ ಕೂಡ ಕೊಡಬೇಕಾ ಅನ್ನೋದಕ್ಕೆ ಇನ್ನೂ ಒಪ್ಪಿಲ್ಲ, ಹೇಳಿಬಿಟ್ಟಿದ್ದೀನಿ.

ವಾರ್ಡ್ 4

ಪೂರ್ತಿ ಬಿಡುಗಡೆ ಇದ್ರೆ ಸಂಬಳ ಇಲ್ಲದಿದ್ರೂ ಪರವಾಗಿಲ್ಲ ಅಂತೀನಿ ನಾನು. ಊಟ ಮಾಡ್ತಾ ಫೋನ್ ಬಂದ್ರೆ ಎತ್ತು, ಗಿರಾಕಿ ಬಂದ್ರೆ ಏಳು ಅಂದ್ರೆ ಮಾತ್ರ ಅದು ಡ್ಯೂಟಿ, ದುಡ್ಡು ಎಣಿಸಿ.

ಸೂಜಿ ದಾರ

ಸಂಬಳ ಇಲ್ಲದ ಬಿಡುವು ನನ್ನ ಹತ್ರ ಬೇಕಾದಷ್ಟಿದೆ ಮೇಡಂ, ಕೊಡ್ಲಾ?

ಹಳೇ ಫೈಲು

ಜಪಾನಿನಲ್ಲಿ ವಾರ್ಡ್ 4 ಅವರು ಹೇಳೋ ಥರಾನೇ ನಡೆಯುತ್ತೆ. ಊಟದ ಹೊತ್ತಲ್ಲಿ ಫೋನಿಗೆ ಕಾಯ್ತಾ ಕೂರಿಸಿದರೆ ಅದು ಬಿಡುವು ಅಲ್ಲ, ಕೆಲಸದ ಲೆಕ್ಕಕ್ಕೆ ಸೇರುತ್ತೆ. ಸೂಜಿ ದಾರ ಅವರ ಪ್ರಶ್ನೆಗೆ ಮಾತ್ರ ನನ್ನ ಫೈಲಿನಲ್ಲಿ ಉತ್ತರ ಸಿಗ್ತಿಲ್ಲ.

ಎರಡನೇ ಮಹಡಿ

ಎಲ್ಲರಿಗೂ ಥ್ಯಾಂಕ್ಸ್. ಮಧ್ಯಾಹ್ನ ಸೀನಿಯರ್ ಜೊತೆ ಕೂತು ಫಾರಂನಲ್ಲಿ ಎ ಮತ್ತು ಬಿ ಕೆಳಗೆ ಪೆನ್ನಲ್ಲಿ ‘ಸಿ’ ಅಂತ ಒಂದು ಸಾಲು ಬರೆದೆವು: ಊಟದ ಅರ್ಧ ಗಂಟೆ ಹಾಗೇ ಇರಲಿ, ಆ ಹೊತ್ತಲ್ಲಿ ಯಾರ ಫೋನು ಯಾರು ಎತ್ತಬೇಕು ಅನ್ನೋ ಪಟ್ಟಿ ಗೋಡೆಗೆ ಅಂಟಿಸಿ. ಬಿ ಹಾಕಿದ್ದವರಲ್ಲಿ ಮೂವರು ಬಂದು ಅದರ ಮುಂದೆ ಸಹಿ ಮಾಡಿದರು. ಒಬ್ಬರು ಮಾತ್ರ ‘ಒಳಪಟ್ಟು’ ಅನ್ನೋದನ್ನ ಹೊಡೆದುಹಾಕಿದರೆ ಈಗಲೂ ನಂದು ಬಿ ಅಂದರು. ಎಚ್ಚಾರ್ ಸೋಮವಾರ ಮಾತಾಡೋಣ ಅಂದಿದ್ದಾರೆ. ಮೀಟಿಂಗ್ ಟೈಮು 1.15.