ಪದಚರ್ಚೆ: ‘ನಾಸ್ತಿಕ’ನ ಪಕ್ಕದಲ್ಲಿ ಯಾರನ್ನು ಕೂರಿಸುವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ತಿಂಗಳಿಂದ ಎರಡು ಪದಗಳು ತಲೆ ತಿನ್ನುತ್ತಿವೆ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಚಳವಳಿಗಾರರ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಏಥಿಯಿಸಂ ಮತ್ತು ಅನಾರ್ಕಿಸಂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದಾರೆ. ಒಂದು ಮೇಲಿರುವವನನ್ನು ಒಪ್ಪುವುದಿಲ್ಲ, ಇನ್ನೊಂದು ಕುರ್ಚಿಯಲ್ಲಿರುವವನನ್ನು ಒಪ್ಪುವುದಿಲ್ಲ. ನಾನು ‘ನಾಸ್ತಿಕವಾದ’, ‘ಅರಾಜಕತಾವಾದ’ ಅಂತ ಬರೆದು ಕಳಿಸಿದೆ. ಸಂಪಾದಕರು ‘ನಾಸ್ತಿಕ’ವನ್ನು ಮುಟ್ಟಲಿಲ್ಲ. ‘ಅರಾಜಕತಾವಾದಿ’ ಬಂದ ಕಡೆಯೆಲ್ಲ ಕೆಂಪು ಗೆರೆ. ಅಂಚಿನಲ್ಲಿ ಒಂದು ಟಿಪ್ಪಣಿ: ‘ದಂಗೆಕೋರ ಅಂದರೆ ಸಾಕಲ್ಲವೇ?’

ನಗು ಬಂತು. ಆದರೆ ಅವರದ್ದೇ ತಪ್ಪು ಅನ್ನಲೂ ಬಾಯಿ ಬರಲಿಲ್ಲ. ಪೇಪರಿನಲ್ಲಿ ಈ ಪದ ಯಾವಾಗ ಬರುತ್ತದೆ ನೋಡಿ. ಎಲ್ಲೋ ಬಸ್ಸಿಗೆ ಬೆಂಕಿ ಬಿದ್ದಿರಬೇಕು, ಇಲ್ಲವೇ ವಿರೋಧ ಪಕ್ಷದವರು ‘ರಾಜ್ಯದಲ್ಲಿ ಅರಾಜಕತೆ ತಾಂಡವವಾಡುತ್ತಿದೆ’ ಅನ್ನಬೇಕು. ತಾಂಡವವಾಡದೆ ಸುಮ್ನೆ ಕೂತ ಅರಾಜಕತೆಯನ್ನು ನಾನಂತೂ ಕನ್ನಡ ಪತ್ರಿಕೆಯಲ್ಲಿ ಕಂಡಿಲ್ಲ. ಮನೆಮಾತಿನಲ್ಲಾದರೆ ಇದಕ್ಕೆ ‘ಹೇಳೋರಿಲ್ಲ ಕೇಳೋರಿಲ್ಲ’ ಅಂತೀವಿ. ಇನ್ನೂ ಸಿಟ್ಟು ಬಂದರೆ ಅಂಕೆ ಇಲ್ಲದ ಕಪಿ. ಆ ಕಪಿ ಲಂಕೆ ಸುಟ್ಟೇ ಸುಡುತ್ತದೆ. ಯಾರ ಅಂಕೆಯೂ ಇಲ್ಲದೆ ಜನ ತಾವಾಗಿ ಕೂಡಿ ಬಾಳಬಹುದು ಅನ್ನುವ ವಾದಕ್ಕೂ ಇದೇ ಪದ ಹಾಕಿದರೆ ಓದುವವರ ಮೂಗಿಗೆ ಮೊದಲು ಹೊಗೆಯೇ ಬಡಿಯುತ್ತದೆ.

ಹಾಗಾದರೆ ಹಳಬರು ಏನನ್ನುತ್ತಿದ್ದರು ಅಂತ ಹುಡುಕಿದೆ. ಅಲ್ಲಿಂದ ಗೋಜಲು ಜಾಸ್ತಿಯಾಯಿತು.

ಮೊದಲು ‘ನಾಸ್ತಿಕ’. ಇದು ದೇವರನ್ನು ಒಪ್ಪದವನು ಅಂತ ಈಗ ಎಲ್ಲರೂ ತಿಳಿಯುತ್ತೇವೆ. ಪಾಣಿನಿಯ ಸೂತ್ರ ‘ಅಸ್ತಿ ನಾಸ್ತಿ ದಿಷ್ಟಂ ಮತಿಃ’ ಅನ್ನುತ್ತದೆ. ಇದೆ ಅನ್ನುವವನು ಆಸ್ತಿಕ, ಇಲ್ಲ ಅನ್ನುವವನು ನಾಸ್ತಿಕ. ಏನು ಇದೆ, ಏನು ಇಲ್ಲ? ಸೂತ್ರದಲ್ಲಿ ಹೇಳಿಲ್ಲ. ‘ಪರಲೋಕ’ ಅಂತ ವ್ಯಾಖ್ಯಾನಕಾರರು ಬಿಡಿಸುತ್ತಾರೆ. ಮನುವಿನ ಮಾತು ಇನ್ನೂ ನೇರ: ‘ನಾಸ್ತಿಕೋ ವೇದನಿಂದಕಃ’. ಎರಡು ಕಡೆಯೂ ದೇವರ ಸುದ್ದಿ ಇಲ್ಲ. ಅದಕ್ಕೇ ಜಗತ್ತನ್ನು ಸೃಷ್ಟಿಸಿದ ಈಶ್ವರ ಬೇಡ ಅಂದ ಮೀಮಾಂಸಕರು (ವೇದವೇ ಪರಮ ಪ್ರಮಾಣ ಅನ್ನುವ ದರ್ಶನದವರು) ಆಸ್ತಿಕರ ಸಾಲಿನಲ್ಲಿ ಆರಾಮಾಗಿ ಕೂತರು. ವೇದವನ್ನು ಒಪ್ಪದ ಜೈನರು, ಬೌದ್ಧರು ನಾಸ್ತಿಕರಾದರು.

ಅಂದರೆ ಹಳೆಯ ನಾಸ್ತಿಕ ‘ಇಲ್ಲ’ ಅಂದದ್ದು ಒಪ್ಪಿಕೊಂಡು ಬಂದ ಪ್ರಮಾಣಕ್ಕೆ. ‘ನೀವು ಹೇಳಿದ್ದೀರಿ ಅಂತ ನಾನು ಒಪ್ಪಬೇಕಾಗಿಲ್ಲ’ ಅಂದವನು ಅವನು. ಈ ಅರ್ಥದಲ್ಲಿ ಅವನು ಇಂದಿನ ಏಥಿಯಿಸ್ಟನಿಗಿಂತ ಅನಾರ್ಕಿಸ್ಟನಿಗೇ ಹತ್ತಿರದ ನೆಂಟ ಅಂತ ನನಗನ್ನಿಸುತ್ತದೆ. ತಪ್ಪಿದ್ದರೆ ತಿದ್ದಿ.

ಈಗ ‘ಅರಾಜಕ’. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡ, 67ನೇ ಸರ್ಗ. ದಶರಥ ತೀರಿಕೊಂಡಿದ್ದಾನೆ. ರಾಮ ಕಾಡಿನಲ್ಲಿ, ಭರತ ಅಜ್ಜನ ಮನೆಯಲ್ಲಿ. ಸಿಂಹಾಸನ ಖಾಲಿ. ಋಷಿಗಳು ಬಂದು ‘ನಾರಾಜಕೇ ಜನಪದೇ’ ಅಂತ ಪಲ್ಲವಿಯ ಹಾಗೆ ಮತ್ತೆ ಮತ್ತೆ ಹೇಳುತ್ತಾರೆ. ರಾಜನಿಲ್ಲದ ನಾಡಿನಲ್ಲಿ ಮಳೆ ಬಾರದು, ಬೀಜ ಬಿತ್ತರು, ಮಗ ಅಪ್ಪನ ಮಾತು ಕೇಳನು, ಜನ ಮೀನುಗಳ ಹಾಗೆ ಒಬ್ಬರನ್ನೊಬ್ಬರು ತಿನ್ನುತ್ತಾರೆ. ನಮ್ಮ ಪತ್ರಿಕೆಗಳ ತಾಂಡವದ ಬೇರು ಇಲ್ಲೇ ಇದೆ ಅನ್ನಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಸರ್ಗದ ಕೊನೆಯ ಭಾಗ. ಮರ್ಯಾದೆ ಮೀರಿದ ನಾಸ್ತಿಕರು ಕೂಡ ರಾಜದಂಡದ ಪೆಟ್ಟು ಬಿದ್ದರೆ ದಾರಿಗೆ ಬರುತ್ತಾರೆ ಅಂತ ಅಲ್ಲಿದೆ. ನಮ್ಮ ಎರಡೂ ಪದ ಒಂದೇ ಸರ್ಗದಲ್ಲಿ! ಕೋಲು ಹಿಡಿದವನಿಲ್ಲದಿದ್ದರೆ ‘ಇಲ್ಲ’ ಅನ್ನುವವರು ಹೆಚ್ಚುತ್ತಾರೆ ಅನ್ನುವ ಭಯ ಅದು. ಫ್ರೆಂಚ್ ಲೇಖನದ ವಾದವನ್ನೇ ಎದುರು ದಡದಲ್ಲಿ ನಿಂತು ಹೇಳಿದಂತಿದೆ.

ಇನ್ನೂ ಒಂದು ತಮಾಷೆ. ಆ ಋಷಿಗಳ ಪಟ್ಟಿಯಲ್ಲಿ ಜಾಬಾಲಿಯ ಹೆಸರೂ ಇದೆ. ಅದೇ ಜಾಬಾಲಿ 108ನೇ ಸರ್ಗದಲ್ಲಿ ರಾಮನ ಮುಂದೆ ನಿಂತು ಪರಲೋಕ ಇಲ್ಲ, ಶ್ರಾದ್ಧ ಮಾಡುವುದು ಅನ್ನ ದಂಡ, ಸತ್ತವನು ಏನು ಉಂಡಾನು ಅಂತ ವಾದಿಸುತ್ತಾನೆ. ರಾಮ ಸಿಟ್ಟಾಗುತ್ತಾನೆ. ನೋಡಿ, ಪರಲೋಕವನ್ನು ಕೈಬಿಡಲು ಜಾಬಾಲಿ ಸಿದ್ಧ, ಆದರೆ ರಾಜ ಬೇಕೇ ಬೇಕು. ರಾಮ ಹಿಂದೆ ಬರಲಿ, ಪಟ್ಟ ಕಟ್ಟಿಸಿಕೊಳ್ಳಲಿ ಅಂತಲೇ ಅಷ್ಟೂ ವಾದ. ಇವನು ನಾಸ್ತಿಕನ ಮಾತಾಡಿದ ಅರಾಜಕವಿರೋಧಿ.

ಮಹಾಭಾರತದ ಶಾಂತಿಪರ್ವದಲ್ಲಿ ಬೇರೆಯದೇ ಮಾತೂ ಸಿಗುತ್ತದೆ. ಮೊದಲು ರಾಜ್ಯವಿರಲಿಲ್ಲ, ರಾಜನಿರಲಿಲ್ಲ, ದಂಡವಿರಲಿಲ್ಲ, ದಂಡಿಸುವವನೂ ಇರಲಿಲ್ಲ, ಜನ ಧರ್ಮದಿಂದಲೇ ಒಬ್ಬರನ್ನೊಬ್ಬರು ಕಾಯುತ್ತಿದ್ದರು ಅಂತ ಭೀಷ್ಮ ಹೇಳುತ್ತಾನೆ. ಆಮೇಲೆ ಅದು ಕೆಟ್ಟಿತು ಅನ್ನುವುದು ಬೇರೆ ಮಾತು. ಆದರೆ ರಾಜನಿಲ್ಲದ ಒಳ್ಳೆಯ ಕಾಲವೊಂದನ್ನು ಊಹಿಸಲು ನಮಗೆ ಫ್ರಾನ್ಸಿಗೆ ಹೋಗಬೇಕಾಗಿಲ್ಲ, ಅಲ್ವಾ?

ಅತ್ತ ಯುರೋಪಿನಲ್ಲೂ ‘ಅನಾರ್ಕಿಸ್ಟ್’ ಅನ್ನುವುದು ಬೈಗುಳವೇ ಆಗಿತ್ತು. 1840ರಲ್ಲಿ ಫ್ರೆಂಚ್ ಚಿಂತಕ ಪ್ರೂಧೋಂ ‘ನಾನು ಅನಾರ್ಕಿಸ್ಟ್’ ಅಂತ ತಾನಾಗಿ ಹೇಳಿಕೊಂಡ. ಅದೇ ಪುಸ್ತಕದಲ್ಲಿ ಆಸ್ತಿಯೇ ಕಳವು ಅಂದ. (ನಮ್ಮ ‘ಆಸ್ತಿ’ ಕೂಡ ಅದೇ ‘ಅಸ್ತಿ’ಯ ಮನೆತನದ್ದು. ಹಾಗೆ ನೋಡಿದರೆ ಪ್ರೂಧೋಂ ಎರಡು ರೀತಿಯಲ್ಲಿ ನಾಸ್ತಿಕ!) ನಮ್ಮಲ್ಲಿ ಬ್ರಿಟಿಷರು ಬಾಂಬ್ ಎಸೆದವರಿಗೆಲ್ಲ ಈ ಹೆಸರು ಅಂಟಿಸಿದರು. 1919ರ ರೌಲಟ್ ಕಾಯ್ದೆಯ ಪೂರ್ತಿ ಹೆಸರಿನಲ್ಲೇ ‘ಅರಾಜಕ ಮತ್ತು ಕ್ರಾಂತಿಕಾರಿ ಅಪರಾಧಗಳು’ ಅಂತ ಇದೆ. ಅದಕ್ಕೂ ಮೂರು ವರ್ಷ ಮೊದಲು, 1916ರ ಫೆಬ್ರವರಿಯಲ್ಲಿ, ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಸಮಾರಂಭದಲ್ಲಿ ಗಾಂಧಿ ‘ನಾನೂ ಅನಾರ್ಕಿಸ್ಟನೇ, ಆದರೆ ಬೇರೆ ಬಗೆಯವನು’ ಅಂದಿದ್ದರು. ಭಗತ್ ಸಿಂಗ್ 1928ರಲ್ಲಿ ‘ಕಿರ್ತಿ’ ಪತ್ರಿಕೆಯಲ್ಲಿ ಅನಾರ್ಕಿಸಂ ಬಗ್ಗೆ ಬರೆದ. ಎರಡು ವರ್ಷದ ನಂತರ ಲಾಹೋರಿನ ಜೈಲಿನಲ್ಲಿ ತಾನೇಕೆ ನಾಸ್ತಿಕ ಅಂತ ಬರೆದ. ಎರಡನೆಯದು ಎಲ್ಲರಿಗೂ ಗೊತ್ತು. ಮೊದಲನೆಯದರ ಮಾತು ಬರುವುದೇ ಕಡಿಮೆ. ಪದಕ್ಕೆ ಅಂಟಿದ ಮಸಿಯೂ ಇದಕ್ಕೆ ಒಂದು ಕಾರಣ ಇರಬೇಕು.

ನಾಸ್ತಿಕನಿಗೆ ಈಗ ಸರ್ಕಾರವೇ ಜಾಗ ಮಾಡಿಕೊಟ್ಟಿದೆ. ಸಂವಿಧಾನದ ಮೂರನೇ ಅನುಸೂಚಿ ತೆಗೆದು ನೋಡಿ. ಮಂತ್ರಿಯಾಗುವವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಬೇಡವೆಂದರೆ ಸತ್ಯನಿಷ್ಠೆಯಿಂದ ಅನ್ನಬಹುದು. ಅನಾರ್ಕಿಸ್ಟನಿಗೆ ಅಂಥ ಎರಡನೇ ಸಾಲು ಇಲ್ಲ. ಇದ್ದಿದ್ದರೂ ಅವನು ಆ ವೇದಿಕೆ ಹತ್ತುತ್ತಿರಲಿಲ್ಲ ಬಿಡಿ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಆ ಲೇಖನ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ದೇವರನ್ನು ಬಿಟ್ಟವನನ್ನು ರಾಜ್ಯ ಸಹಿಸಿಕೊಳ್ಳುತ್ತದೆ, ರಾಜ್ಯವನ್ನೇ ಬಿಟ್ಟವನನ್ನು ಹೇಗೆ ಸಹಿಸೀತು?

ಈಗ ಪದದ ಕೆಲಸಕ್ಕೆ ಬರುತ್ತೇನೆ. ‘ನಿರೀಶ್ವರವಾದ’ ಏಥಿಯಿಸಂಗೆ ಸರಿಯಾಗಿ ಕೂರುತ್ತದೆ ಅಂದುಕೊಂಡಿದ್ದೆ. ಆದರೆ ‘ಈಶ್ವರ’ದ ಮೂಲದಲ್ಲೇ ಆಳುವ ಅರ್ಥ ಇದೆ. ಹಳೆಯ ಸಂಸ್ಕೃತದಲ್ಲಿ ಈಶ್ವರ ಅಂದರೆ ಒಡೆಯ, ಅಧಿಪತಿ. ಅಕ್ಷರಕ್ಕೆ ಅಕ್ಷರ ಇಟ್ಟರೆ ‘ನಿರೀಶ್ವರ’ ಅನಾರ್ಕಿಸ್ಟನಿಗೇ ಒಪ್ಪುತ್ತದೆ! ಅಚ್ಚಗನ್ನಡಕ್ಕೆ ಹೋದರೆ ‘ಆಳು’ ಕಾಡುತ್ತದೆ. ಆಳುವುದೂ ಅದೇ, ಕೂಲಿಯಾಳೂ ಅದೇ. ‘ಆಳಿಲ್ಲದ ನಾಡು’ ಅಂದರೆ ತೋಟದ ಕೆಲಸಕ್ಕೆ ಜನ ಸಿಗುತ್ತಿಲ್ಲ ಅಂದುಕೊಂಡಾರು. ‘ನಿಷ್ಪ್ರಭುತ್ವವಾದ’ ಅಂತ ಒಬ್ಬ ಗೆಳೆಯರು ಸೂಚಿಸಿದರು. ಹಲ್ಲಿಗೆ ಕಲ್ಲು ಸಿಕ್ಕಂತಾಯಿತು. ಕಮ್ಯುನಿಸಂ ಹಾಗೇ ಉಳಿದಿದೆಯಲ್ಲ, ‘ಅನಾರ್ಕಿಸಂ’ ಕೂಡ ಹಾಗೇ ಇರಲಿ ಅನ್ನುವುದು ಸದ್ಯಕ್ಕೆ ನನ್ನ ಒಲವು. ‘ಅರಾಜಕತೆ’ಯನ್ನು ತಾಂಡವಕ್ಕೇ ಬಿಟ್ಟುಕೊಡೋಣ.

ಕೊನೆಗೆ ಉಳಿದದ್ದು ಒಂದು ಸಾಲು. 1880ರಲ್ಲಿ ಫ್ರೆಂಚ್ ಕ್ರಾಂತಿಕಾರಿ ಬ್ಲಾಂಕಿ ಪ್ಯಾರಿಸ್ಸಿನಲ್ಲಿ ಒಂದು ಪತ್ರಿಕೆ ಶುರುಮಾಡಿದ, ಹೆಸರು ‘ನಿ ದ್ಯ ನಿ ಮೆತ್ರ್’. ಆಮೇಲೆ ಅನಾರ್ಕಿಸ್ಟರು ಅದನ್ನು ತಮ್ಮ ಘೋಷಣೆ ಮಾಡಿಕೊಂಡರು. ‘ದೇವರೂ ಬೇಡ, ದೊರೆಯೂ ಬೇಡ’ ಅಂತ ಬರೆದೆ. ಕಿವಿಗೆ ಚೆನ್ನಾಗಿದೆ. ಆದರೆ ‘ಮೆತ್ರ್’ ಬರೀ ದೊರೆ ಅಲ್ಲ. ಕಾರ್ಖಾನೆಯ ಮಾಲೀಕ, ಜಮೀನಿನ ಧಣಿ, ಮನೆಯ ಯಜಮಾನ ಎಲ್ಲ ಅದರೊಳಗಿದ್ದಾರೆ. ಎಲ್ಲರನ್ನೂ ಹಿಡಿಯುವ ಕನ್ನಡ ಪದ ‘ಒಡೆಯ’. ಆದರೆ ನಾವು ದೇವರನ್ನೂ ‘ಒಡೆಯ’ ಅಂತಲೇ ಕರೆಯುತ್ತೇವೆ, ಮೈಸೂರಿನ ಅರಸರೂ ಒಡೆಯರೇ. ‘ಸ್ವಾಮಿ’, ‘ಪ್ರಭು’ ಹಾಕಿದರೂ ಇದೇ ಕತೆ. ‘ದೇವರೂ ಬೇಡ, ಒಡೆಯನೂ ಬೇಡ’ ಅಂದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತೆ ಕೇಳಿಸುತ್ತದೆ.

‘ಧಣಿ’ ಹಾಕಿದರೆ ಹೇಗೆ? ಕರಾವಳಿ ಕಡೆಯವರು, ಬಳ್ಳಾರಿ, ರಾಯಚೂರು ಕಡೆಯವರು ಹೇಳಿ: ನಿಮ್ಮಲ್ಲಿ ‘ಧಣಿ’ ಅಂದರೆ ಜಮೀನಿನವನು ಮಾತ್ರವೇ, ಅಥವಾ ಕೆಲಸ ಕೊಡುವ ಯಾರಾದರೂ ಧಣಿಯೇ? ಕರಡು ಮುಂದಿನ ಸೋಮವಾರ ವಾಪಸ್ ಕಳಿಸಬೇಕು.