ಮಾರ್ಥಾ ಗ್ರಹಾಂ ಅವರ ‘ಕಂಟ್ರಾಕ್ಷನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತು ಎರಡು ವಾರ ಆಯ್ತು, ಮುಂದಕ್ಕೂ ಹೋಗುತ್ತಿಲ್ಲ, ಹಿಂದಕ್ಕೂ ಬರುತ್ತಿಲ್ಲ.

ನಮ್ಮ ಬೀದಿಯಲ್ಲಿ ಮಕ್ಕಳಿಗೆ ಡ್ಯಾನ್ಸ್ ಕಲಿಸುವ ಟೀಚರ್ ಒಬ್ಬರಿದ್ದಾರೆ. ಮೂಲ ಭರತನಾಟ್ಯ. ಈಚೆಗೆ ದೊಡ್ಡ ಮಕ್ಕಳಿಗೆ ಸ್ವಲ್ಪ ಮಾಡರ್ನ್ ಡ್ಯಾನ್ಸೂ ಹೇಳಿಕೊಡುತ್ತಾರೆ. ಅಮೆರಿಕದ ಮಾಡರ್ನ್ ಡ್ಯಾನ್ಸ್ ನರ್ತಕಿ ಮಾರ್ಥಾ ಗ್ರಹಾಂ ಬಗ್ಗೆ ಕನ್ನಡದಲ್ಲಿ ಎರಡು ಪುಟ ಬರೆದುಕೊಡಿ, ಮಕ್ಕಳ ಅಮ್ಮಂದಿರಿಗೂ ಅರ್ಥವಾಗಬೇಕು ಅಂದರು. ಅದೇನು ಮಹಾ ಅಂತ ಒಪ್ಪಿಕೊಂಡೆ.

ಶುರುವಿನಲ್ಲಿ ತೊಂದರೆ ಇರಲಿಲ್ಲ. 1894ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಪಕ್ಕದ ಅಲೆಘೆನಿಯಲ್ಲಿ ಹುಟ್ಟು. ಅಪ್ಪ ಮಾನಸಿಕ ರೋಗಿಗಳನ್ನು ನೋಡುವ ಡಾಕ್ಟರು. ಮೈ ಆಡುವುದರಲ್ಲಿ ಸುಳ್ಳು ಇರಲ್ಲ ಅಂತ ಅವರು ಹೇಳಿದ್ದನ್ನು ಮಗಳು ಕೊನೆವರೆಗೂ ಹೇಳಿಕೊಂಡು ಬಂದರು. 1911ರಲ್ಲಿ ನರ್ತಕಿ ರೂತ್ ಸೇಂಟ್ ಡೆನಿಸ್ ಅವರ ಕಾರ್ಯಕ್ರಮ ನೋಡಿ ಹುಚ್ಚು ಹತ್ತಿತು. 1916ರಲ್ಲಿ ಅವರದೇ ಡೆನಿಶಾನ್ ಶಾಲೆಗೆ ಸೇರಿದಾಗ ವಯಸ್ಸು ಆಗಲೇ 22. ನಮ್ಮಲ್ಲಾದರೆ ಅರಂಗೇಟ್ರಂ ಮುಗಿದು ಆಲ್ಬಂ ಅಟ್ಟಕ್ಕೆ ಹೋಗಿರುತ್ತಿತ್ತು. 1926ರಲ್ಲಿ ಸ್ವಂತ ತಂಡ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ಹೊತ್ತಿಗೆ ಜರ್ಮನಿಗೆ ಬಂದು ಕುಣಿಯಿರಿ ಅಂತ ಹಿಟ್ಲರ್ ಸರ್ಕಾರ ಕರೆದರೆ, ಬರಲ್ಲ ಅಂದರು. 1991ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಇವಿಷ್ಟೂ ಒಂದೇ ಸಂಜೆ ಬರೆದಿಟ್ಟೆ.

ಕೊರಿಯೋಗ್ರಾಫರ್ ಅನ್ನುವುದಕ್ಕೆ ‘ನೃತ್ಯ ನಿರ್ದೇಶಕಿ’ ಅಂದರೆ ಸಿನಿಮಾದ ಟೈಟಲ್ ಕಣ್ಣಿಗೆ ಬರುತ್ತೆ. ‘ನೃತ್ಯ ಸಂಯೋಜಕಿ’ ಅಂತ ಹಾಕಿದ್ದೇನೆ, ಅದರಲ್ಲಿ ಜಗಳ ಇಲ್ಲ. ಹೇಗೂ ಆಕೆಗೆ ತನ್ನನ್ನು ನರ್ತಕಿ ಅಂತ ಕರೆದುಕೊಳ್ಳುವುದೇ ಇಷ್ಟ ಇತ್ತು, 70 ದಾಟಿದ ಮೇಲೂ ವೇದಿಕೆ ಬಿಟ್ಟಿರಲಿಲ್ಲ.

ಆಕೆಯ 1930ರ ನೃತ್ಯ ‘ಲ್ಯಾಮೆಂಟೇಶನ್’ ಹೆಸರಿಗೆ ಮಾತ್ರ ಸ್ವಲ್ಪ ತಡಕಾಡಬೇಕಾಯ್ತು. ಒಬ್ಬಳೇ ಹೆಂಗಸು ಬೆಂಚಿನ ಮೇಲೆ ಕೂತಿರುತ್ತಾಳೆ. ಹಿಗ್ಗುವ ಬಟ್ಟೆಯ ಒಂದು ಚೀಲದೊಳಗೆ ಮೈಯೆಲ್ಲ. ಮುಖ, ಕೈ, ಪಾದ ಅಷ್ಟೇ ಹೊರಗೆ. ಒಳಗಿಂದ ಮೊಣಕೈ ಒತ್ತಿದರೆ ಬಟ್ಟೆ ಅಲ್ಲಿ ಚೂಪಾಗಿ ಎದ್ದು ನಿಲ್ಲುತ್ತೆ, ದುಃಖಕ್ಕೇ ಮೂಲೆಗಳು ಬಂದ ಹಾಗೆ. ‘ಪ್ರಲಾಪ’ ಅಂತ ಬರೆದೆ, ಹೊಡೆದು ಹಾಕಿದೆ. ಆಮೇಲೆ ‘ಗೋಳಾಟ’ ಹೊಳೆಯಿತು. ನಮ್ಮ ಗೋಳಾಟ, ನರಳಾಟ, ಒದ್ದಾಟ, ಹೊರಳಾಟ ಎಲ್ಲದರಲ್ಲೂ ‘ಆಟ’ ಇದೆ ಅಲ್ವಾ. ಕೊಡವ ತಕ್ಕಿನಲ್ಲಂತೂ ಕುಣಿತಕ್ಕೇ ‘ಆಟ್’: ಬೊಳಕಾಟ್, ಉಮ್ಮತ್ತಾಟ್, ಪೀಲಿಯಾಟ್. ಹಾಗಾಗಿ ಕೊಡಗಿನಲ್ಲಿ ಕೂತು ಓದುವವರಿಗೆ ಗೋಳಾಟ ಅಂದರೆ ಅಳುವೂ ಹೌದು, ಕುಣಿತವೂ ಹೌದು. ಟೀಚರ್‌ಗೂ ಇಷ್ಟ ಆಯ್ತು.

ಈಗ ಅಸಲು ವಿಷಯ. ಗ್ರಹಾಂ ಪದ್ಧತಿಯ ಬೇರು ‘ಕಂಟ್ರಾಕ್ಷನ್’ ಮತ್ತು ‘ರಿಲೀಸ್’, ಅಂದರೆ ಹೊಟ್ಟೆಯನ್ನು ಬೆನ್ನಿನ ಕಡೆಗೆ ಒಯ್ಯುವುದು, ಮತ್ತೆ ಬಿಡುವುದು. ನಾನು ಮೊದಲು ಬರೆದದ್ದು ‘ಸಂಕೋಚನ–ವ್ಯಾಕೋಚನ’. ಓದಿದ ತಕ್ಷಣ ಒಬ್ಬ ಹುಡುಗಿ, ‘ಇದು ಹಾರ್ಟಿನ ಪಾಠ ಅಲ್ವಾ ಅಂಕಲ್?’ ಅಂದಳು. ಸರಿ, ‘ಕುಗ್ಗು–ಹಿಗ್ಗು’ ಮಾಡಿದೆ. ಅಚ್ಚ ಕನ್ನಡ, ಮೈಗೂ ಸಲ್ಲುತ್ತೆ ಮನಸ್ಸಿಗೂ ಸಲ್ಲುತ್ತೆ ಅಂತ ಒಳಗೊಳಗೇ ಖುಷಿ.

ಟೀಚರ್ ಒಪ್ಪಲಿಲ್ಲ. ‘ಬನ್ನಿ, ಕೂತು ನೋಡಿ’ ಅಂದರು. ಚಾಪೆ ಮೇಲೆ ಕೂತೆ. ಉಸಿರು ಬಿಡಬೇಕು, ಬಿಡುತ್ತಾ ಕಿಬ್ಬೊಟ್ಟೆಯನ್ನು ಬೆನ್ನಿನ ಕಡೆಗೆ ಒಯ್ಯಬೇಕು. ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತೆ, ಆದರೆ ಭುಜ ಸೊಂಟದ ನೇರಕ್ಕೇ ಇರಬೇಕು, ಮುಂದಕ್ಕೆ ಕುಸಿಯಬಾರದು, ಎತ್ತರವೂ ಕಡಿಮೆ ಆಗಬಾರದು. ನಾನು ಮಾಡಿದ್ದು ಮಳೆಗಾಲದಲ್ಲಿ ಬಸ್ಸಿಗೆ ಕಾಯುವವನು ಮುದುಡಿಕೊಂಡ ಹಾಗಿತ್ತು. ‘ನೋಡಿ, ನೀವು ಕುಗ್ಗಿದ್ರಿ. ಕಂಟ್ರಾಕ್ಷನ್‌ನಲ್ಲಿ ಕುಗ್ಗೋದಿಲ್ಲ, ಅಲ್ಲೇ ಶಕ್ತಿ ಜಾಸ್ತಿ’ ಅಂದರು. ಕುಗ್ಗು ಹೋಯ್ತು, ಅದರ ಜೊತೆಗೆ ಮುದುಡುವುದೂ ಹೋಯ್ತು.

ಹಾಗಾದರೆ ‘ಎಳೆತ–ಬಿಡಿಕೆ’ ಅಂದೆ. ಇದು ಚೆನ್ನಾಗೇ ಇತ್ತು, ಮಕ್ಕಳ ಮುಂದೆ ಬಾಯಿಬಿಟ್ಟು ಹೇಳುವ ತನಕ. ಕಂಟ್ರಾಕ್ಷನ್ ಆಗುವುದು ಉಸಿರು ಬಿಡುವಾಗ, ರಿಲೀಸ್ ಆಗುವುದು ಉಸಿರು ಎಳೆದುಕೊಳ್ಳುವಾಗ. ಟೀಚರ್ ಹೇಳಬೇಕಾದ್ದು ಹೀಗಾಯ್ತು: ‘ಉಸಿರು ಬಿಡ್ತಾ ಎಳೀರಿ, ಉಸಿರು ಎಳೀತಾ ಬಿಡಿ.’ ಅರ್ಧ ಮಕ್ಕಳು ಎಳೆದರು, ಅರ್ಧ ಬಿಟ್ಟರು, ಎಲ್ಲರೂ ನಕ್ಕರು.

‘ಬಿಗಿ–ಸಡಿಲ’ ಅಂದರೆ ಬಿಗಿ ಅಂದ ಕೂಡಲೇ ಮಕ್ಕಳು ಉಸಿರು ಬಿಗಿಹಿಡಿದು ಕೆನ್ನೆ ಊದಿಸಿಕೊಳ್ಳುತ್ತಾರೆ, ಮಾಡಿಸಿ ನೋಡಿದ್ದೇವೆ. ‘ಹುರಿಗೊಳ್ಳು’ ಬಹಳ ಚೆಂದದ ಮಾತು, ಶಕ್ತಿಯೂ ಇದೆ, ಆದರೆ ಹುರಿ ಅಂದಮೇಲೆ ತಿರುಚು ಬಂತು. ಗ್ರಹಾಂ ಪದ್ಧತಿಯಲ್ಲಿ ಬೆನ್ನೆಲುಬು ತಿರುಚುವುದಕ್ಕೆ ಸ್ಪೈರಲ್ ಅಂತ ಬೇರೆಯೇ ಇದೆ. ಹುರಿಯನ್ನು ಅದಕ್ಕೇ ಎತ್ತಿಟ್ಟುಕೊಂಡೆ.

ಸದ್ಯಕ್ಕೆ ಕೈಯಲ್ಲಿ ಉಳಿದಿರುವುದು ‘ಬಿಕ್ಕು’. ಬಿಕ್ಕಿ ಬಿಕ್ಕಿ ಅಳುವಾಗ ಹೊಟ್ಟೆ ತಾನಾಗಿ ಒಳಕ್ಕೆ ಹೋಗುತ್ತಲ್ಲ, ಅದೇ ಜಾಗ, ಹೆಚ್ಚುಕಡಿಮೆ ಅದೇ ಕೆಲಸ. ಗೋಳಾಟದ ಪಕ್ಕ ಹೊಂದಿಕೊಳ್ಳುತ್ತೆ ಕೂಡ. ಆದರೆ ಗ್ರಹಾಂ ಅದನ್ನು ದುಃಖಕ್ಕೆ ಮಾತ್ರ ಬಳಸಿದವರಲ್ಲ. 1944ರ ‘ಅಪಲೇಶಿಯನ್ ಸ್ಪ್ರಿಂಗ್’ ಮದುವೆಯಾಗಿ ಹೊಸ ಮನೆಗೆ ಕಾಲಿಡುವ ಜೋಡಿಯ ಕಥೆ, ಅಲ್ಲಿ ಮದುಮಗಳು ಬಿಕ್ಕಿದಳು ಅಂತ ಬರೆದರೆ ಅಮ್ಮಂದಿರು ಗಂಡನ ಮನೆಯವರನ್ನು ಬೈಯುತ್ತಾರೆ.

ಪಕ್ಕದ ಮನೆಯ ಅಕ್ಕ ಉಮ್ಮತ್ತಾಟ್ ಹೇಳಿಕೊಡುತ್ತಾರೆ. ತಾಳ ಹಿಡಿದು ಬಾಗಿ ಏಳುವುದಕ್ಕೆ ನೀವು ಏನಂತೀರಿ ಅಂತ ಕೇಳಿದೆ. ‘ಏನೂ ಅನ್ನಲ್ಲ, ಮುಂದೆ ಇರೋಳನ್ನ ನೋಡು ಅಂತೀವಿ’ ಅಂದರು.

ಯಕ್ಷಗಾನ, ಗರಡಿ, ಯೋಗ, ಯಾವ ಕಡೆಯವರಾದರೂ ಸರಿ, ಉಸಿರು ಬಿಡುತ್ತಾ ಹೊಟ್ಟೆಯನ್ನು ಬೆನ್ನಿಗೆ ತರುವುದಕ್ಕೆ ನಿಮ್ಮಲ್ಲಿ ಬಾಯಿಮಾತಿನ ಪದ ಇದ್ದರೆ ತಿಳಿಸಿ. ಎರಡು ಅಕ್ಷರದ್ದಾದರೆ ಒಳ್ಳೆಯದು, ಟೀಚರ್ ಅದನ್ನು ತಟ್ಟುಗೋಲಿನ ಲೆಕ್ಕಕ್ಕೆ ಕೂಗಿ ಹೇಳಬೇಕು. ನಿಘಂಟಿನಿಂದ ಎತ್ತಿದ್ದು ಬೇಡ, ಅದು ನನ್ನ ಹತ್ತಿರವೂ ಇದೆ.