ಸಹಾಯ ಬೇಕು: ಮಲ್ಪೆ ಬಂದರಿನ ಮಕ್ಕಳನ್ನು ಆಗಸ್ಟ್‌ನಲ್ಲಿ ಶಾಲೆಗೆ ಸೇರಿಸಲು ನಾಲ್ಕು ಜನ

ಎಲ್ಲರಿಗೂ ನಮಸ್ಕಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಕೊಪ್ಪಳ, ಬಾಗಲಕೋಟೆ ಕಡೆ ಹೋದ ಕೂಲಿ ಕುಟುಂಬಗಳು ಮರಳುವಷ್ಟರಲ್ಲಿ ಶಾಲೆ ಶುರುವಾಗಿ ಎರಡು ತಿಂಗಳು. ಮಕ್ಕಳು ಶಾಲೆ ಬಿಡುವುದು ಇಲ್ಲೇ. "ಟಿ.ಸಿ. (ಹಳೆ ಶಾಲೆಯ ವರ್ಗಾವಣೆ ಪತ್ರ) ತನ್ನಿ" ಎಂದು ವಾಪಸ್ ಕಳಿಸಿದರೆ ಆ ಅಮ್ಮ ಮತ್ತೆ ಬರುವುದಿಲ್ಲ, ಒಂದು ದಿನದ ಕೂಲಿ ಹೋಯಿತಲ್ಲ! 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿ.ಸಿ. ತಡವಾಯಿತೆಂದು ದಾಖಲಾತಿ ನಿಲ್ಲಿಸುವಂತಿಲ್ಲ.

ಆಗಸ್ಟ್ ಮೊದಲ ವಾರ ಸಂಜೆ 6ರ ನಂತರ ಬಿಡಾರಗಳಿಗೆ ಹೋಗಬೇಕು (ಬೆಳಿಗ್ಗೆ ಎಲ್ಲರೂ ದಕ್ಕೆಯಲ್ಲಿ, ಅಂದರೆ ಬೋಟು ನಿಲ್ಲುವ ಕಟ್ಟೆಯಲ್ಲಿ). ಮಗುವಿನ ಹೆಸರು, ತರಗತಿ, ಹಿಂದಿನ ಶಾಲೆ, ಸ್ಯಾಟ್ಸ್ ಸಂಖ್ಯೆ (ಸರ್ಕಾರದ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸಂಖ್ಯೆ) ಬರೆದುಕೊಂಡರಾಯಿತು. ಸಂಖ್ಯೆ ಗೊತ್ತಿಲ್ಲದಿದ್ದರೆ ಹಳೆ ಅಂಕಪಟ್ಟಿಯ ಫೋಟೋ ತೆಗೆದುಕೊಳ್ಳಿ. ಹೊಸ ಸಂಖ್ಯೆ ಮಾತ್ರ ಮಾಡಿಸಬೇಡಿ, ಒಂದೇ ಮಗು ಎರಡು ಕಡೆ ಕಾಣಿಸಿ ಗೋಜಲಾಗುತ್ತದೆ. ಹಳೆ ಶಾಲೆಯವರೇ ಆನ್‌ಲೈನಿನಲ್ಲಿ ಮಗುವಿನ ದಾಖಲೆಯನ್ನು ಹೊಸ ಶಾಲೆಗೆ ಬಿಟ್ಟುಕೊಡಬೇಕು. ಅದಕ್ಕೇ ಆ ಕಡೆಯ ಶಿಕ್ಷಕರ ಪರಿಚಯ ಇದ್ದವರೂ ದಯವಿಟ್ಟು ಇಲ್ಲೇ ತಿಳಿಸಿ.